ಚಾಳಿ ಕೇಳುವ ಊರು

ಕುಷ್ಟಗಿಗೆ ಬಂದಿಳಿದ ದಿನ ನಾವಿನ್ನೂ ಗಂಟುಮೂಟೆ ಬಿಚ್ಚಿರಲಿಲ್ಲ. ಮನೆಯ ಒಡತಿ ನೀಲವ್ವ ಹೊಸ್ತಿಲ ಬಳಿ ಕೂತು, ನನ್ನ ಹೆಸರನ್ನೂ ಕೇಳದೆ, "ನಿನ್ನ ಗಂಡಗ ಏನ ಚಾಳಿ ಐತಿ ಯವ್ವಾ?" ಅಂದಳು. ನನಗೆ ಮೈಯೆಲ್ಲ ಉರಿದುಹೋಯಿತು. ನಮ್ಮ ತುಮಕೂರು ಸೀಮೆಯಲ್ಲಿ ಚಾಳಿ ಅಂದರೆ ಕೆಟ್ಟ ಚಾಳಿಯೇ. "ನಮ್ಮೆಜಮಾನರಿಗೆ ಯಾವ ಚಾಳೀನೂ ಇಲ್ಲ ಕಣ್ರೀ, ಅಪರಂಜಿಯಂಥೋರು" ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿದೆ. ನೀಲವ್ವನ ಹುಬ್ಬು ಮೇಲೇರಿತು. ಆಮೇಲೆ ಎಷ್ಟೋ ದಿನ ಆಕೆ ನಮ್ಮವರು ಹೋಗುವುದನ್ನೂ ಬರುವುದನ್ನೂ ಬಾಗಿಲ ಸಂದಿಯಿಂದ ನೋಡುತ್ತಿದ್ದಳು.

ನಿಜಾಮರ ಸೀಮೆಯಲ್ಲಿ ಹತ್ತಿ ಅಂಗಡಿಯ ಕೆಲಸ ಸಿಕ್ಕಿತೆಂದು ಬಂದವರು ನಾವು. ಹಂಚಿನ ಮನೆ ಹೋಗಿ ಮಣ್ಣಿನ ಮಾಳಿಗೆ ಬಂತು, ಮುದ್ದೆ ಹೋಗಿ ಜೋಳದ ರೊಟ್ಟಿ ಬಂತು. ನಾನು ಬಡಿದ ರೊಟ್ಟಿ ಹಂಚಿಗೆ ಹಾಕುವ ಮೊದಲೇ ಹರಿಯುತ್ತಿತ್ತು. ಅದು ಹರಿಯದೆ ಉಬ್ಬಿದ ದಿನ ಒಬ್ಬಳೇ ಕೂತು ನಕ್ಕೆ, ತೋರಿಸಲು ಯಾರೂ ಇರಲಿಲ್ಲ. ಕಚೇರಿಯವರು ಉರ್ದುವಿನಲ್ಲಿ 'ಆದತ್' ಅನ್ನುವುದನ್ನೇ ನಮ್ಮ ಓಣಿಯವರು ಚಾಳಿ ಅನ್ನುತ್ತಾರೆ ಎಂಬುದು ಮೆಲ್ಲಗೆ ತಿಳಿಯಿತು. ಉಣ್ಣುವಾಗ ಕಾಲು ಕುಣಿಸುವುದು ಚಾಳಿ, ನಿದ್ದೆಯಲ್ಲಿ ಹಲ್ಲು ಕಡಿಯುವುದು ಚಾಳಿ. ಕುಡಿತಕ್ಕೆ ಬೇರೆ ಮಾತಿದೆ, ಅದು ಚಟ. ನೀಲವ್ವನ ಮಗ ಶರಣಪ್ಪ ಬಾಗಿಲಿಗೆ ಬೀಗ ಹಾಕಿ ನಾಲ್ಕು ಹೆಜ್ಜೆ ಹೋಗುವನು, ತಿರುಗಿ ಬಂದು ಬೀಗ ಜಗ್ಗಿ ನೋಡುವನು. ಓಣಿಯೆಲ್ಲ ನಗುತ್ತಿತ್ತು, ಅವನೂ ನಗುತ್ತಿದ್ದ. ಮಾತಿನ ಅರ್ಥವೇನೋ ನನಗೆ ಸಿಕ್ಕಿತು. ಬಳಕೆ ಸಿಗಲಿಲ್ಲ, ಕೆಲಸ ಕೆಟ್ಟದ್ದು ಅಲ್ಲೇ.

ಅಪ್ಪ ತೀರಿಕೊಂಡ ಮೇಲೆ ತಂಗಿ ಗೌರಿಯನ್ನು ಕರೆಸಿಕೊಂಡೆ. ಅವಳು ಬಂದಮೇಲೆ ಈ ಊರಲ್ಲಿ ನನಗೆ ಉಸಿರಾಡುವ ಹಾಗಾಯಿತು. ಇಲ್ಲೇ ಗಂಡು ಸಿಕ್ಕರೆ ಸಾಯುವತನಕ ಜೊತೆಗಿರುತ್ತಾಳೆ ಅನ್ನುವುದೊಂದೇ ನನ್ನಾಸೆ. ಯಲಬುರ್ಗಿಯಿಂದ ನಮ್ಮ ಪೈಕಿಯವರೇ ನೋಡಲು ಬಂದರು. ಹುಡುಗ ಒಪ್ಪಿದ. ಏಳುವ ಹೊತ್ತಿಗೆ ಅವನ ತಾಯಿ, "ಹುಡುಗಿಗೆ ಏನರ ಚಾಳಿ ಐತೇನ್ರಿ?" ಅಂದಳು. ಗೌರಿ ಏನು ಬಡಿಸಿದರೂ ಮೂಸಿ ನೋಡಿಯೇ ತಿನ್ನುವವಳು. ಮದುವೆ ಮಾತಿನಲ್ಲಿ ಅಂಥದ್ದನ್ನು ಯಾರಾದರೂ ಹೇಳುತ್ತಾರೆಯೇ? "ಒಂದೂ ಇಲ್ಲ ಕಣ್ರೀ" ಅಂದೆ. ಆಕೆ ಪಕ್ಕದಲ್ಲೇ ಕೂತಿದ್ದ ನೀಲವ್ವನ ಕಡೆ ತಿರುಗಿದಳು.

"ನೀವು ದಿನಾ ನೋಡಾವ್ರು. ಖರೆ ಏನ್ರಿ?"

ಗೌರಿ ಮೂಸುವುದನ್ನು ದಿನಾ ಅಣಕಿಸಿ ತೋರಿಸುತ್ತಿದ್ದ ನೀಲವ್ವ, "ಖರೆ ಐತ್ರಿ. ಏನೇನೂ ಇಲ್ಲ" ಅಂದಳು. ಎಷ್ಟು ಒಳ್ಳೆಯ ಹೆಂಗಸು ಅಂದುಕೊಂಡೆ, ನನ್ನ ಬುದ್ಧಿಗಿಷ್ಟು! ಹೇಳಿ ಕಳಸ್ತೀವಿ ಎಂದು ಹೋದವರು ಹೇಳಿ ಕಳಿಸಲೇ ಇಲ್ಲ. ಅದೇ ವರ್ಷ ಆ ಹುಡುಗ ನೀಲವ್ವನ ತಮ್ಮನ ಮಗಳಿಗೆ ತಾಳಿ ಕಟ್ಟಿದ.

ಹಾಲು ಹಾಕುವ ಮಲ್ಲವ್ವ ಕೇಳಿ ಹಣೆ ಬಡಿದುಕೊಂಡಳು. "ಏ ಹುಚ್ಚಿ, ಹಂಗ ಹೇಳ್ತಾರೇನು? ಸಣ್ಣದೊಂದು ಚಾಳಿ ಹೇಳಬೇಕು. ಅದನ್ನ ಹೇಳಿದ್ರ ಮತ್ತೇನೂ ಮುಚ್ಚಿಟ್ಟಿಲ್ಲ ಅಂತ ನಂಬ್ತಾರ. ಒಂದೂ ಇಲ್ಲ ಅಂದ್ರ, ಹೇಳಬಾರದ್ದೇನೋ ಐತಿ ಅಂತ ಎದ್ದು ಹೋಗ್ತಾರ."

"ನೀಲವ್ವಂಗೆ ಇದು ಗೊತ್ತಿರಲಿಲ್ವೇ?"

"ಆಕಿಗೆ ಗೊತ್ತಿಲ್ದ ಮತ್ತ ಯಾರಿಗೆ ಗೊತ್ತೈತಿ!"

ಗೌರಿಗೆ ಏನೋ ಕಾಯಿಲೆಯೆಂದು ಸುತ್ತಲೆಲ್ಲ ಸುದ್ದಿಯಾಯಿತು. ಅವಳನ್ನು ಅಮ್ಮನ ಬಳಿಗೆ ಕಳಿಸಿದೆ, ಅಲ್ಲೇ ಮದುವೆಯಾಯಿತು. ನಾನಿಲ್ಲಿ ಮತ್ತೆ ಒಂಟಿ. ನೀಲವ್ವನ ಮುಖ ಕಂಡರೆ ನನಗೆ ಆಗುತ್ತಿರಲಿಲ್ಲ. ಆದರೂ ಜಗಳವಾಡಲಿಲ್ಲ. ಪುಂಡಿಪಲ್ಯ ಮಾಡಿದಾಗೆಲ್ಲ ಆಕೆಗೊಂದು ಬಟ್ಟಲು ಕೊಟ್ಟೆ, ನಕ್ಕು ಮಾತಾಡಿಸಿದೆ, ಕಾದೆ.

ಶರಣಪ್ಪನ ಮನೆತನ ನೋಡಲು ಬೇವೂರಿನಿಂದ ಹೆಣ್ಣಿನ ಕಡೆಯವರು ಬಂದೇ ಬಂದರು. ಇಲ್ಲಿ ನೆರೆಯವರ ಮಾತಿಗೇ ಬೆಲೆ, ಹಾಗಾಗಿ ನನ್ನನ್ನು ಕರೆದರು. ಹುಡುಗಿಯ ಸೋದರಮಾವ ಕೇಳಿದ:

"ಹುಡುಗಗ ಏನ ಚಾಳಿ ಐತ್ರಿ, ಯವ್ವಾರ?"

ಸೆರಗು ಸರಿಮಾಡಿಕೊಂಡು ಆತನ ಮುಖ ನೋಡಿಯೇ ಹೇಳಿದೆ. "ಒಂದೂ ಇಲ್ರಿ. ಭಾಳ ಛಲೋ ಹುಡುಗ."

ನೀಲವ್ವನ ಮುಖ ಬಿಳಿಚಿಕೊಂಡಿತು. "ಬೀಗ ಜಗ್ಗಿ ನೋಡ್ತಾನಲ್ಲಬೇ! ದಿನಾ ನೋಡಿ ನಗ್ತಿ, ಹೇಳ!"

"ಅಯ್ಯ, ನಾ ಎಂದೂ ನೋಡಿಲ್ರಿ."

ತಾಯಿಯೇ ಹೇಳಿಕೊಟ್ಟರೂ ನೆರೆಯಾಕೆ ಹೇಳಲೊಲ್ಲಳು ಅಂದರೆ ಒಳಗೆ ಅದಿನ್ನೆಂಥ ಗುಟ್ಟಿರಬೇಕು! ಸೋದರಮಾವ ತಂಬಾಕಿನ ಚೀಲ ಕಟ್ಟಿ, "ಹೇಳಿ ಕಳಸ್ತೀವ್ರಿ" ಎಂದು ಎದ್ದ. ಆಹಾ, ಆ ಮಾತು ಕೇಳಿ ನನಗಾದ ಸಂತೋಷವನ್ನು ಏನು ಹೇಳಲಿ!

ಗಾಡಿ ಹೋದಮೇಲೆ ನೀಲವ್ವ, "ತೀರಿಸ್ಕೊಂಡಿ ಬಿಡು" ಅಂದಳು.

"ತೀರಿಸ್ಕೊಂಡೆ ನೋಡ್ರಿ" ಅಂದೆ.

ಪಾಪ, ಶರಣಪ್ಪ ಏನು ಮಾಡಿದ್ದ ಅನ್ನುತ್ತೀರಾ? ನನ್ನ ಗೌರಿ ಏನು ಮಾಡಿದ್ದಳು? ಇವತ್ತಿಗೂ ನನಗೆ ಪಶ್ಚಾತ್ತಾಪವಿಲ್ಲ.

ಯುಗಾದಿಗೆ ತವರಿಗೆ ಬಂದಾಗ ಇದನ್ನು ಗೌರಿಗೆ ಹೇಳುವ ಆತುರದಲ್ಲಿ ಕೈಕಾಲೂ ತೊಳೆಯಲಿಲ್ಲ. ಅವಳು ಕೊನೆತನಕ ಕೇಳಿ ಕಣ್ಣೊರೆಸಿಕೊಂಡಳು. "ಅಷ್ಟೆಲ್ಲ ಮಾಡಿದೋರ ಮಗನ್ನ ಹಾಗೆ ಹೊಗಳಿ ಬಂದ್ಯಲ್ಲಕ್ಕ! ನಿನ್ನ ದೊಡ್ಡ ಮನಸ್ಸು ನಂಗೆಲ್ಲಿ ಬರಬೇಕು" ಅಂದಳು. ಮತ್ತೊಮ್ಮೆ ಬಿಡಿಸಿ ಹೇಳಿದೆ. "ಹೊಗಳಿದ್ದು ಹೊಗಳಿದ್ದೇ ಅಲ್ವೇನೆ, ಒಳ್ಳೇ ಕೆಲಸ ಮಾಡ್ದೆ" ಎಂದು ಅಮ್ಮ ನನ್ನ ತಲೆ ಸವರಿದಳು. ನನ್ನವರ ನಡುವೆ ಕೂತ ನನಗೆ ನೀಲವ್ವನ ನೆನಪಾಯಿತು. ನಾನು ಮಾಡಿದ್ದು ಏನೆಂದು ಪೂರ್ತಿ ತಿಳಿದವಳು ಅವಳೊಬ್ಬಳೇ. ಇನ್ನೂ ಒಂದು ವಾರ ಇರುತ್ತೇನೆ ಅಂದಿದ್ದವಳು ಮರುದಿನವೇ ಕುಷ್ಟಗಿಗೆ ಹೊರಟೆ.