ಮುರಿಗೆವ್ವನ ಬೇವಿನ ಕಂಬ

ಬಬಲೇಶ್ವರದ ಮುರಿಗೆವ್ವ ಹಟಕ್ಕೂ ಶುಚಿಗೂ ಹೆಸರಾದವಳು. ಕೋಳಿ ಕೂಗುವ ಮೊದಲೇ ಮನೆ ಸಾರಿಸಿ, ಉಳಿದ ಸಗಣಿ ಗಂಜಳವನ್ನು ನಡುಮನೆಯ ಬೇವಿನ ಕಂಬದ ಬುಡಕ್ಕೆ ಬಳಿದು ಕುಂಕುಮ ಇಡುತ್ತಿದ್ದಳು. ಆ ಕಂಬವೇ ಮನೆಯ ಹಿರಿಯ ಎಂದು ಅತ್ತೆ ಹೇಳಿಹೋಗಿದ್ದಳು. ಅತ್ತೆಯ ಮಾತಿಗೆ ಎದುರಾಡುವುದುಂಟೇ?

ಸಾವಿರದ ಒಂಬೈನೂರ ನಲವತ್ತಾರರ ಮಳೆಗೆ ಮಣ್ಣಿನ ಮಾಳಿಗೆ ನೀರು ಕುಡಿದು ಭಾರವಾಯಿತು. ಕಂಬದ ಬುಡದಲ್ಲಿ ಬಿಳಿ ನೂಲಿನಂಥದ್ದು ಹಬ್ಬಿತು. ಹೊಲಸೆಂದುಕೊಂಡ ಮುರಿಗೆವ್ವ ಇನ್ನಷ್ಟು ಸಗಣಿ ಮೆತ್ತಿ ಮುಚ್ಚಿದಳು. ಹಾವಿಗೆ ಹಾಲೆರೆಯುವುದೆಂದರೆ ಇದೇ! ಆ ನೂಲು ಕಟ್ಟಿಗೆ ತಿನ್ನುವ ಶಿಲೀಂಧ್ರ. ಕಟ್ಟಿಗೆಯಲ್ಲಿ ಅದಕ್ಕೆ ಊಟ ಬೇಕಾದಷ್ಟು. ಮೈ ಬೆಳೆಸುವ ಸಾರಜನಕ ಮಾತ್ರ ಚಿಟಿಕೆಯಷ್ಟು. ಹಾಗಾಗಿ ಹಳೆಯ ಎಳೆಗಳಲ್ಲಿದ್ದುದನ್ನೇ ಹೊಸ ಎಳೆಗಳಿಗೆ ಸಾಗಿಸಿಕೊಂಡು ಜುಗ್ಗತನದಿಂದ ಬದುಕುತ್ತದೆ. ಹೊರಗೆ ಸಗಣಿ ಗಂಜಳ ಸಿಕ್ಕಿತೋ, ಅಲ್ಲಿನ ಸಾರಜನಕವನ್ನು ಕಟ್ಟಿಗೆಯೊಳಕ್ಕೆ ಎಳೆದುಕೊಂಡು ಸೊಕ್ಕಿ ಬೆಳೆಯುತ್ತದೆ.

ಕಂಬದಾಚೆ, ಸೀರೆಯ ಪರದೆಯ ಹಿಂದೆ, ಸೊಸೆ ನೀಲಾಬಾಯಿ ಹಸುಗೂಸಿನೊಂದಿಗೆ ಮಲಗಿದ್ದಳು. ಬಾಗಿಲು ಸರಿಮಾಡಲು ವಿಜಾಪುರದಿಂದ ಬಂದಿದ್ದ ಬಡಿಗ ಇಸ್ಮಾಯಿಲ ಕುಳಿತಲ್ಲಿಂದ ಏಳುವಾಗ ಕಂಬದ ಬುಡಕ್ಕೆ ಕೈಯೂರಿದ. ಬೆರಳು ಒಳಗೇ ಇಳಿದವು.

"ಅವ್ವಾರ, ಕಂಬ ಹಿಟ್ಟಾಗೇತಿ! ಸೊಸಿನ್ನ ಹೊರಗ ಕರ್ಕೊಂಡು ಬರ್ರಿ, ಲಗೂನ!"

"ಕೂಸಿನ್ನ ತೊಟ್ಟಿಲಕ್ಕ ಹಾಕೂತನಕಾ ಬಾಣಂತಿ ಹೊಸ್ತಿಲ ದಾಟಂಗಿಲ್ಲೋ. ಅದೂ ಇಂಥಾ ಮಳ್ಯಾಗ?"

ಮೇಲಿನ ತೊಲೆ ಕಿರುಗುಟ್ಟಿತು. ಪರದೆಯ ಮೇಲೆ ಮಣ್ಣು ಉದುರಿತು. ಇಸ್ಮಾಯಿಲ ಬಾಗಿಲಿಗೆಂದು ತಂದ ಚೌಕಟ್ಟಿನ ಮರವನ್ನೇ ತೊಲೆಗೆ ಆನಿಸಿ ಒತ್ತಿಹಿಡಿದ. ಮುರಿಗೆವ್ವ ಪರದೆಯ ಅಂಚು ಹಿಡಿದು ನಿಂತಳು. ಹೊರಗಿನ ಗಾಳಿಗೆ ಕೂಸು ಸತ್ತರೆ ಊರು ತನ್ನನ್ನೇ ಅಂದೀತು, ಒಳಗೇ ಬಿಟ್ಟರೆ? ಕೂಸು ಚಿಟ್ಟನೆ ಚೀರಿತು.

"ಪದ್ಧತಿ ಸುಟ್ಟು ಹೋಗ್ಲಿ!" ಎಂದವಳೇ ಪರದೆ ಕಿತ್ತು, ಕೂಸನ್ನು ಸೆರಗಿನಲ್ಲಿ ಸುತ್ತಿ, ಸೊಸೆಯ ರಟ್ಟೆ ಹಿಡಿದು ಅಂಗಳಕ್ಕೆ ಎಳೆದಳು. ಹಿಂದೆಯೇ ಇಸ್ಮಾಯಿಲ ಹಾರಿದ. ನೀಲಾಬಾಯಿ ಮಲಗಿದ್ದ ಹೊರಸಿನ ಮೇಲೆಯೇ ಮಾಳಿಗೆ ಕುಸಿಯಿತು.

ಮಳೆ ನಿಂತಮೇಲೆ ಇಸ್ಮಾಯಿಲ ಮಣ್ಣು ಸರಿಸಿ ಕಂಬವನ್ನು ಹೊರಗೆಳೆದ. "ನೋಡ್ರಿ, ಮ್ಯಾಲ ಗಟ್ಟಿ ಐತಿ. ಸಗಣಿ ಬಡದಲ್ಲಷ್ಟ ಹಿಟ್ಟಾಗೇತಿ."

ಮುರಿಗೆವ್ವ ಆ ಹಿಟ್ಟನ್ನು ಕೈಯಲ್ಲಿ ಹಿಡಿದು ಅತ್ತಳು. ತನ್ನ ಕೈಯಾರೆ ಮೊಮ್ಮಗನ ತಲೆಯ ಮೇಲೆ ಮಾಳಿಗೆ ಕೆಡವುತ್ತಿದ್ದೆನಲ್ಲ ಎಂದು ಹಲುಬಿದಳು.

ಹೊಸ ಕಂಬ ಕಲ್ಲಿನ ಮೇಲೆ ನಿಂತಿತು. ಬಾಣಂತನ ಮುಗಿಸಿದ ನೀಲಾಬಾಯಿ ಒಂದು ಬೆಳಗ್ಗೆ ಮನೆ ಸಾರಿಸುತ್ತ ಅದರ ಬುಡಕ್ಕೂ ಸಗಣಿಗೈ ಚಾಚಿದಳು. ಮುರಿಗೆವ್ವ ಓಡಿಬಂದು ಆ ಕೈ ಹಿಡಿದಳು.

"ಕಂಬ ಬಿಡವ್ವಾ. ನಾ ಉಣಿಸಿದ್ದ ಸಾಕು."