ಬೇಲಿಯ ಒಳಗೆ ಬಂದ ಚಿಗರಿ

ಬಿಳಿ ಕಾಗದದ ಪೊಟ್ಟಣದ ಮೇಲೆ ನೀಲಿ ಶಾಯಿಯ ಮೂರು ಇಂಗ್ಲಿಷ್ ಅಕ್ಷರಗಳಿದ್ದವು: ಡಿ, ಓ, ಇ. ಡೋ ಅಂದರೆ ಹೆಣ್ಣು ಜಿಂಕೆ; ಒಳಗಿದ್ದದ್ದು ಅದರ ಮಾಂಸ. ಅದಕ್ಕೂ ನನ್ನ ತೆಂಗಿನ ತುರಿಯ ಪೊಟ್ಟಣಕ್ಕೂ ನಡುವೆ ಇದ್ದದ್ದು ಒಂದು ಹಸಿರು ಟೇಪು ಮಾತ್ರ.

ಬಾಸ್ಕಿಂಗ್ ರಿಡ್ಜ್‌ನ ಸುಮಿತ್ರಾ ಆಂಟಿಯ ಬೇಸ್‌ಮೆಂಟಿಗೆ ನಾನು ಬಾಡಿಗೆಗೆ ಬಂದ ಮೊದಲ ವಾರ ಅದು. ಗ್ಯಾರೇಜಿನ ಡೀಪ್ ಫ್ರೀಜರಿನ ತಳಕ್ಕೆ ಆ ಟೇಪು ಅಂಟಿಸಿದವರು ಆಂಟಿಯೇ. "ಈ ಕಡಿ ನಿಂದು, ಆ ಕಡಿ ನಮ್ದು. ನೀ ತಿನ್ನಂಗಿಲ್ಲಂತ ಗೊತ್ತದ, ತಾಗಸಂಗಿಲ್ಲ" ಎಂದರು. ಯಾರು ಹೊಡೆದದ್ದು ಎಂದು ಕೇಳಿದೆ.

"ನಾನೇ. ಮತ್ಯಾರು, ನಿಮ್ಮಂಕಲ್ಲಾ? ಅವರಿಗೆ ಇಲಿ ಕಂಡ್ರ ಕುರ್ಚಿ ಬೇಕು."

ಸುರಪುರದ ಕಡೆಯ ಆಂಟಿ ಬ್ರಿಡ್ಜ್‌ವಾಟರಿನ ಔಷಧ ಕಂಪನಿಯೊಂದರ ಲ್ಯಾಬಿನಲ್ಲಿ ಕೆಲಸ ಮಾಡುತ್ತಾರೆ. ಸುತ್ತಲಿನ ಕನ್ನಡದ ಮನೆಗಳಿಗೆಲ್ಲ ಶೇಂಗಾ ಹೋಳಿಗೆ ಕೊಟ್ಟು ಕಳಿಸುವವರು ಇವರು. ಬೇಟೆ ಕಲಿತದ್ದು ಇಲ್ಲಿಗೆ ಬಂದ ಮೇಲೆ, ಲ್ಯಾಬಿನ ಗೆಳತಿಯೊಬ್ಬಳಿಂದ. ನನಗೆ ಜ್ವರ ಬಂದಾಗ ಗಂಜಿ ಕಾಯಿಸಿದ್ದರು. ನನಗೆ ಕಾರು ಕಲಿಸಿದ್ದೂ ಅವರೇ. ಹಾಗಾಗಿ ಕಳೆದ ಅಕ್ಟೋಬರಿನಲ್ಲಿ, ಪ್ರತಿ ಸಲ ಜೊತೆಗೆ ಹೋಗುತ್ತಿದ್ದ ಅಂಕಲ್‌ಗೆ ಮೊಣಕಾಲಿನ ಆಪರೇಷನ್ ಆಗಿ, "ನನ್ನ ಜೊತಿ ಬ್ಯಾಟಿಗೆ ವಯೋಮಿಂಗಿಗೆ ಬರ್ತಿಯೇನು? ಅಲ್ಲಿ ಹೊಲದ ಮಾಲಕ ಒಬ್ಬಾಕಿನ್ನೇ ಒಳಗ ಬಿಡಂಗಿಲ್ಲಂತ" ಎಂದು ಕೇಳಿದಾಗ ಬೇಡವೆನ್ನಲು ಆಗಲಿಲ್ಲ.

ಪಾರ್ಸಿಪನಿಯ ಆಫೀಸಿನಲ್ಲಿ ನನ್ನ ಕೆಲಸ ಜಮೀನುಗಳ ಗಡಿಗೆರೆಗಳನ್ನು ಕಂಪ್ಯೂಟರ್ ನಕಾಶೆಗೆ ಏರಿಸುವುದು. ಅಂಕಲ್ ನನ್ನನ್ನು 'ತಲಾಠಿ ಮೇಡಂ', ಅಂದರೆ ಜಮೀನಿನ ಲೆಕ್ಕ ಇಡುವ ಗ್ರಾಮಲೆಕ್ಕಿಗಳು, ಎಂದೇ ಕರೆಯುತ್ತಾರೆ. ಆಂಟಿಗೆ ಬೇಕಿದ್ದದ್ದೂ ತಲಾಠಿಯೇ. ಅಲ್ಲಿನ ರ‍್ಯಾಂಚ್‌ಗಳಲ್ಲಿ, ಅಂದರೆ ಸಾವಿರಾರು ಎಕರೆಯ ಖಾಸಗಿ ಹುಲ್ಲುಗಾವಲುಗಳಲ್ಲಿ, ಸೆಲ್ಫ್ ಗೈಡೆಡ್ ಬೇಟೆ ಎಂದರೆ ಮಾಲೀಕ ನಕಾಶೆಯನ್ನೂ ಗೇಟಿನ ಬೀಗದ ನಂಬರನ್ನೂ ಕೊಟ್ಟು ಮನೆಗೆ ಹೋಗಿಬಿಡುತ್ತಾನೆ. ದಾರಿ ತೋರಿಸುವವರು ಯಾರೂ ಇಲ್ಲ. ಪಕ್ಕದವನ ನೆಲದಲ್ಲಿ ನಿಂತ ಪ್ರಾಣಿಗೆ ಗುಂಡು ಹಾರಿಸಿದರೆ ಅಪರಾಧ.

"ನೀ ಒಳಗಂದ್ರ ಹೊಡೀತೀನಿ, ಹೊರಗಂದ್ರ ಇಲ್ಲ. ನನ್ನ ಲೈಸೆನ್ಸ್ ನಿನ್ನ ಬಾಯಾಗ ಅದ" ಎಂದರು ಆಂಟಿ.

ನ್ಯೂವಾರ್ಕ್ ವಿಮಾನ ನಿಲ್ದಾಣದ ಕೌಂಟರಿನಲ್ಲಿ ಅವರು ಪೆಟ್ಟಿಗೆ ತೋರಿಸಿ, "ಇದರಲ್ಲಿ ಬಂದೂಕಿದೆ" ಎಂದು ಇಂಗ್ಲಿಷಿನಲ್ಲಿ ನೆಟ್ಟಗೆ ಹೇಳಿದರು. ನಾನು ಪೊಲೀಸರು ಎತ್ತಲಿಂದ ಬರುತ್ತಾರೆಂದು ನೋಡುತ್ತ ನಿಂತೆ. ಕೌಂಟರಿನವಳು ಒಂದು ಚೀಟಿಗೆ ಸಹಿ ಮಾಡಿಸಿಕೊಂಡು ಶುಭ ಪ್ರಯಾಣ ಹೇಳಿದಳು. ಬೆಂಗಳೂರಿನಿಂದ ಹೊರಟ ದಿನ ಅವ್ವ ಕೊಟ್ಟ ಉಪ್ಪಿನಕಾಯಿಯ ಡಬ್ಬಿಯನ್ನು ನನ್ನ ಕೈಚೀಲದಿಂದ ತೆಗೆಸಿದ್ದರು.

ಪ್ರಾಂಗ್‌ಹಾರ್ನ್ ಎಂಬ, ಆಂಟಿ ಹೊಡೆಯಲು ಹೊರಟಿದ್ದ ಆ ಪ್ರಾಣಿಯನ್ನು ವಯೋಮಿಂಗಿಗೆ ಬರುವವರೆಗೆ ನಾನು ನೋಡಿರಲಿಲ್ಲ. ದುರ್ಬೀನನ್ನು ಕಣ್ಣಿಗೇರಿಸಿ ನೋಡಿದೆ. ಅದು ನಮ್ಮೂರಿನ ಕೃಷ್ಣಮೃಗ, ನಮ್ಮ ಚಿಗರಿ. ಮೈ ತುಸು ದಪ್ಪ, ಕತ್ತಿನಲ್ಲಿ ಬಿಳಿ ಪಟ್ಟಿ. ಆದರೆ ಆ ಕಣ್ಣು, ಆ ಕಾಲು, ಗಾಳಿಗೆ ತಲೆಯೆತ್ತಿ ನಿಲ್ಲುವ ಆ ಬಗೆ ರಾಣೆಬೆನ್ನೂರಿನ ನಮ್ಮ ಹೊಲದಲ್ಲಿ ಕಂಡದ್ದೇ. ಅಲ್ಲಿ ಅವು ಬೆಳೆಯ ಚಿಗುರನ್ನೆಲ್ಲ ಮೇಯುತ್ತವೆ. ಅಪ್ಪ ಬೈಯುತ್ತಾನೆ, ಡಬ್ಬಿ ಬಡಿಯುತ್ತಾನೆ. ಕಲ್ಲು ಸಹ ಎಸೆಯುವುದಿಲ್ಲ. ಇಲ್ಲಿ ಅವು ಯಾರ ಬೆಳೆಯನ್ನೂ ಮುಟ್ಟಿರಲಿಲ್ಲ.

ಕುರುಚಲು ಗಿಡಗಳ ನಡುವೆ ಬೋರಲು ಮಲಗಿದ್ದೆವು. ಆಂಟಿ ಮಂಕಿ ಕ್ಯಾಪಿನ ಮೇಲೆ ಕಡ್ಡಾಯದ ಕಿತ್ತಳೆ ಟೋಪಿ ಹಾಕಿದ್ದರು. ಬಂದೂಕಿನ ಮಸೂರದಲ್ಲಿ ಅವರಿಗೆ ಪ್ರಾಣಿ ಮಾತ್ರ ಕಾಣುತ್ತಿತ್ತು. ಅವರಿದ್ದ ಕಡೆಯಿಂದ ತಂತಿಬೇಲಿ ಹುಲ್ಲಿನಲ್ಲಿ ಮುಚ್ಚಿಹೋಗಿತ್ತು. ಅಲ್ಲಿ ಬೇಲಿಯೇ ಗಡಿ ಎಂದು ನಂಬುವಂತಿಲ್ಲ. ನಾನು ಹಿಂದಿನ ಸಂಜೆಯೇ ಕಂಬ ಕಂಬಕ್ಕೂ ನಡೆದು ಫೋನಿನ ನಕಾಶೆಯೊಂದಿಗೆ ತಾಳೆ ನೋಡಿದ್ದೆ. ಆ ಸಾಲಿನಲ್ಲಿ ಎರಡೂ ಒಂದೇ ಆಗಿದ್ದವು.

"ಯಾವ ಕಡಿ?"

"ಹೊರಗ, ಆಂಟಿ."

"ಖರೇನು?"

"ಖರೇನ. ಬೇಲಿ ದಾಟಿಲ್ಲ."

ಅವರು ಬೆರಳು ಸಡಿಲಿಸಿದರು. ಗುಂಪಿನಿಂದ ಒಂದು ಹೆಣ್ಣು ಬೇರೆಯಾಗಿ ಬೇಲಿಯ ಹತ್ತಿರ ಬಂತು. ನಮ್ಮ ಚಿಗರಿಯಾಗಿದ್ದರೆ ಚಿಮ್ಮಿ ಹಾರುತ್ತಿತ್ತು, ಆಂಟಿಗೂ ತಿಳಿಯುತ್ತಿತ್ತು. ಇದು ಮುಂಗಾಲು ಮಡಿಸಿ, ಕತ್ತು ತಗ್ಗಿಸಿ, ಕೆಳಗಿನ ತಂತಿಯಡಿ ತೂರಿ ಈಚೆಗೆ ಎದ್ದು ನಿಂತಿತು. ಅದನ್ನು ನೋಡಿದವಳು ನಾನೊಬ್ಬಳೇ.

"ಈಗ?"

ಹೊರಗೆ ಎನ್ನಬಹುದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ.

"ಒಳಗ" ಎಂದೆ. ಆಫೀಸಿನಲ್ಲಿ ಯಾರಾದರೂ ಸರ್ವೆ ನಂಬರು ಕೇಳಿದರೆ ಹೇಳುವ ದನಿಯಲ್ಲೇ ಬಂತು ಮಾತು. ಅದು ಸರಿಯಾದ ಉತ್ತರವಾಗಿತ್ತು.

ಸದ್ದು ನನ್ನ ಹಲ್ಲುಗಳೊಳಗೆ ಕೇಳಿಸಿತು. ಅದು ನಾಲ್ಕು ಹೆಜ್ಜೆ ಓಡಿ ಕುಸಿಯಿತು. ಉಳಿದವು ದೂರ ಓಡಿ, ನಿಂತು, ತಿರುಗಿ ನಮ್ಮನ್ನು ನೋಡಿದವು. ಹತ್ತಿರ ಹೋದಾಗ ಆಂಟಿ ಕೈಗವಸು ತೆಗೆದು ಅದರ ಕತ್ತಿನ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ಕುಳಿತರು. ಆಮೇಲೆ, "ಕಾಲ್ ಹಿಡಿ" ಎಂದರು. ಹಿಡಿದೆ. ಬೆಚ್ಚಗಿತ್ತು. ಒಣಹುಲ್ಲಿನಂಥ ಕೂದಲು ಮುರಿದು ನನ್ನ ಅಂಗೈಗೆ ಅಂಟಿತು.

ಭಾನುವಾರ ಸಂಜೆ ಮನೆಗೆ ಬಂದು, ಐಸಿನ ಪೆಟ್ಟಿಗೆಯಲ್ಲಿ ತಂದ ಮಾಂಸವನ್ನು ಆಂಟಿ ಅಡುಗೆಮನೆಯಲ್ಲಿ ಪೊಟ್ಟಣ ಕಟ್ಟುತ್ತಿದ್ದರು. ಸೋಫಾದ ಮೇಲೆ ಕಾಲು ನೀಡಿದ್ದ ಅಂಕಲ್, "ಏನ್ ತಲಾಠಿ ಮೇಡಂ, ಸರ್ವೆ ಮುಗೀತೇನು?" ಎಂದರು.

"ಸುಮ್ಮ ಕೂಡ್ರಿ. ಆಕಿ ಮಾರಿ ನೋಡ್ರಿ" ಎಂದು ಗದರಿದ ಆಂಟಿ ನನ್ನ ಕಡೆ ತಿರುಗಿದರು. "ನನ್ನ ಮ್ಯಾಲ ಸಿಟ್ಟು ಬಂದದೇನು?"

"ಇಲ್ಲ ಆಂಟಿ."

"ಮತ್ತ್ಯಾರ ಮ್ಯಾಲ?"

ಅಷ್ಟರಲ್ಲಿ ಅವ್ವನ ಫೋನು ಬಂತು. ಊರಲ್ಲಿ ಆಗ ಬೆಳಗು. "ಚಿಗರಿ ಮತ್ತ ಹೊಲಕ್ಕ ಬಿದ್ದಾವ. ನಿಮ್ಮಪ್ಪಗ ಡಬ್ಬಿ ಬಡದು ಬಡದು ಸಾಕಾಗೇತಿ. ಅಲ್ಲೂ ಅದಾವೇನ?"

"ಅಂಥಾವ ಅದಾವವ್ವ."

"ನೋಡಿದೇನು?"

"ನೋಡಿದೆ."

"ಚಂದ ಅದಾವೇನು ನಮ್ಮೂವಂಗ?"

"ಹೂಂ. ಚಂದ ಅದಾವ."

ಅವ್ವನಿಗೂ ನಾನು ಒಂದು ಸುಳ್ಳನ್ನೂ ಹೇಳಲಿಲ್ಲ.

ಮರುದಿನ ಬೆಳಿಗ್ಗೆ ಆಂಟಿ ಕೆಲಸಕ್ಕೆ ಹೋಗಿಯಾಗಿತ್ತು. ನನ್ನ ಡಬ್ಬಿಗೆ ತೆಂಗಿನ ತುರಿ ತೆಗೆಯಲು ಫ್ರೀಜರ್ ತೆರೆದರೆ ಹದಿನಾಲ್ಕು ಪೊಟ್ಟಣಗಳನ್ನು ಹೆಸರೇ ಬರೆಯದೆ ಗಡಿಬಿಡಿಯಲ್ಲಿ ಎರಡೂ ಕಡೆ ತುಂಬಿಟ್ಟಿದ್ದರು. ಒಂದೊಂದನ್ನೇ ಹೊರತೆಗೆದು, ಗ್ಯಾರೇಜಿನ ನೆಲದ ಮೇಲೆ ಕುಳಿತು, ನೀಲಿ ಪೆನ್ನಿನಲ್ಲಿ ಪ್ರತಿಯೊಂದರ ಮೇಲೂ 'ಚಿಗರಿ' ಎಂದು ಕನ್ನಡದಲ್ಲಿ ಬರೆದು ನಂಬರು ಹಾಕಿದೆ. ಹದಿಮೂರನ್ನು ಟೇಪಿನ ಆ ಕಡೆ ಜೋಡಿಸಿದೆ. ಹದಿನಾಲ್ಕನೆಯದಕ್ಕೆ ಅಲ್ಲಿ ಜಾಗವಿರಲಿಲ್ಲ. ಅದನ್ನು ಈ ಕಡೆ, ತೆಂಗಿನ ತುರಿಯ ಪಕ್ಕದಲ್ಲಿಟ್ಟು ಮುಚ್ಚಳ ಹಾಕಿದೆ.