ಥರ್ಮೋಕೋಲಿನ ಅನ್ನ

ಸತ್ತವರು ಬಂದು ಉಂಡು ಹೋಗುತ್ತಾರೆ ಎಂದು ಯಾರಾದರೂ ಹೇಳಿದರೆ ಮೂಗು ಮುರಿಯುತ್ತಿದ್ದವಳು ನಾನು. ಈಗಲೂ ಸುಲಭಕ್ಕೆ ನಂಬುವವಳಲ್ಲ. ಹಾಗಾಗಿ ಇದನ್ನು ಬರೆಯಬೇಕೋ ಬೇಡವೋ ಎಂದು ತುಂಬಾ ದಿನ ಮೀನಮೇಷ ಎಣಿಸಿದೆ. ಇಂಥದ್ದೆಲ್ಲ ಅಮಾವಾಸ್ಯೆಯ ನಡುರಾತ್ರಿ ನಡೆಯಬೇಕು ಎಂದು ನೀವು ಅಂದುಕೊಂಡಿರಬಹುದು. ನನಗಾದದ್ದು ಮಟಮಟ ಮಧ್ಯಾಹ್ನ, ಪರೇಲಿನಲ್ಲಿ, ನಾವೆಲ್ಲ ನಿಂತುಕೊಂಡು ವಡಾಪಾವ್ ತಿನ್ನುತ್ತಿದ್ದ ಹೊತ್ತಿನಲ್ಲಿ. ನನಗೆ ಹೆದರಿಕೆಗಿಂತ ಹೆಚ್ಚಾಗಿ ಆದದ್ದು ಹೇಸಿಗೆ.

ನಾವು ಮುಲುಂಡಿನವರು. ಅಪ್ಪ ಉಡುಪಿ ಕಡೆಯಿಂದ ಚಿಕ್ಕ ವಯಸ್ಸಿನಲ್ಲೇ ಬಂದು ಅಲ್ಲಿಯ ಒಂದು ಹೋಟೆಲಿನ ಅಡಿಗೆಮನೆಯಲ್ಲಿ ಜೀವ ತೇಯ್ದವರು. ದಿನವಿಡೀ ಊರಿಗೆಲ್ಲ ದೋಸೆ ಹುಯ್ದು ಸಾಕಾಗಿ ಮನೆಗೆ ಬಂದರೆ ಅವರಿಗೆ ಬೇಕಾದದ್ದು ಕುಚ್ಚಲಕ್ಕಿ ಅನ್ನ, ಬಂಗುಡೆ ಮೀನಿನ ಹುಳಿಖಾರದ ಪುಳಿಮುಂಚಿ ಸಾರು, ಅಷ್ಟೇ. ಉಣ್ಣುವುದರಲ್ಲಿ ಅವರದೊಂದು ಬೇರೆಯೇ ಕ್ರಮ. ನಾವೆಲ್ಲ ಅನ್ನದ ಗುಡ್ಡೆಯನ್ನು ನಮ್ಮ ಕಡೆಯಿಂದ ಕಲಸಿಕೊಂಡರೆ ಅವರು ಗುಡ್ಡೆಯ ಆಚೆಗೆ ಕೈ ಚಾಚಿ, ಅಲ್ಲಿಂದ ಅಗೆದು ತಮ್ಮ ಕಡೆಗೆ ಎಳೆದುಕೊಳ್ಳುತ್ತಿದ್ದರು. ಯಾಕೆಂದು ಕೇಳಿದರೆ ಸುಮ್ಮನೆ ನಗುತ್ತಿದ್ದರು.

"ಪಕ್ಕದ ಮನೆಯವರ ಅನ್ನ ಕದ್ದ ಹಾಗೆ ಉಣ್ತೀರಿ ನೀವು" ಎಂದು ಅಮ್ಮ ಛೇಡಿಸುತ್ತಿದ್ದಳು. ಮನೆಯಲ್ಲಿ ನಮ್ಮ ಮಾತು ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಅಂಥ ಅಪ್ಪನಿಗೆ ಗಂಟಲಿನ ಕಾಯಿಲೆ ಬಂತು. ಪರೇಲಿನ ಆಸ್ಪತ್ರೆಯೊಂದರಲ್ಲಿ ಮೂಗಿನಿಂದ ನಳಿಕೆ ಇಳಿಸಿ, ಅದರಲ್ಲಿ ಬೂದುಬಣ್ಣದ ಗಂಜಿಯಂಥ ಏನನ್ನೋ ಬಿಡುತ್ತಿದ್ದರು. ಸಾವಿರಾರು ಜನರಿಗೆ ಬಡಿಸಿದವರ ನಾಲಿಗೆಗೆ ತಿಂಗಳುಗಟ್ಟಲೆ ಉಪ್ಪು ಕೂಡ ತಾಗಲಿಲ್ಲ. ಒಂದು ದಿನ ಅವರು ಅಮ್ಮನ ಕೈ ಹಿಡಿದು, ಕೇಳಿಸಿಯೂ ಕೇಳಿಸದ ಸ್ವರದಲ್ಲಿ, "ಒಂದು ತುತ್ತು ಬಾಯಿಗೆ ಹಾಕು ಮಾರಾಯ್ತಿ. ನುಂಗುದಿಲ್ಲ. ರುಚಿ ನೋಡಿ ಉಗುಳ್ತೇನೆ" ಅಂದರು. ಡಾಕ್ಟರು ಖಡಾಖಂಡಿತ ಬೇಡ ಎಂದಿದ್ದರು. ಅಮ್ಮ ಕೊಡಲಿಲ್ಲ. ಆ ಬೇಸಿಗೆಯಲ್ಲೇ ಅಪ್ಪ ತೀರಿಕೊಂಡರು. ಆ ಒಂದು ತುತ್ತು ಅಮ್ಮನ ಎದೆಯಲ್ಲಿ ಮುಳ್ಳಿನ ಹಾಗೆ ಉಳಿದುಬಿಟ್ಟಿತು.

ಆಗ ನಾನು ವಿಷುಯಲ್ ಡಿಸೈನ್ ಕಲಿಯುತ್ತಿದ್ದೆ. ನಮ್ಮ ಸಂಸ್ಥೆ ಇದ್ದದ್ದು ಪರೇಲಿನಲ್ಲೇ, ಮುಚ್ಚಿಹೋದ ಹಳೆಯ ಬಟ್ಟೆ ಮಿಲ್ಲೊಂದರ ಮಹಡಿಯಲ್ಲಿ. ಆಸ್ಪತ್ರೆಗೂ ಅದಕ್ಕೂ ನಡುವೆ ಒಂದು ಗಲ್ಲಿ ಮಾತ್ರ. ಕ್ಲಾಸಿನಿಂದ ಓಡಿ ಅಪ್ಪನನ್ನು ನೋಡಿ ಮತ್ತೆ ಕ್ಲಾಸಿಗೆ ಓಡುತ್ತಿದ್ದ ದಿನಗಳವು.

ನಮ್ಮವರಲ್ಲಿ ಆಟಿ ತಿಂಗಳಲ್ಲಿ, ಅಂದರೆ ಆಷಾಢದ ಹೊತ್ತಿಗೆ, ತೀರಿಹೋದವರಿಗೆ ಬಡಿಸುವ ಕ್ರಮವಿದೆ. ಬದುಕಿರುವವರಿಗೆ ಬಾಳೆ ಎಲೆಯ ತುದಿ ಎಡಕ್ಕೆ ಬರುವಂತೆ ಹಾಕುತ್ತೇವಲ್ಲ, ಸತ್ತವರಿಗೆ ಅದನ್ನು ತಿರುಗಿಸಿ ತುದಿ ಬಲಕ್ಕೆ, ಅಂದರೆ ಪೂರ್ವಕ್ಕೆ ಮುಖ ಮಾಡಿ ಕೂತವರ ದಕ್ಷಿಣಕ್ಕೆ, ಬರುವಂತೆ ಹಾಕುವುದು. ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ಒಂದು ಲೋಟ ನೀರಿಟ್ಟು, ಬಾಗಿಲು ಮುಚ್ಚಿಕೊಂಡು ಮನೆಯವರೆಲ್ಲ ಹೊರಗೆ ನಿಲ್ಲಬೇಕು. ಸ್ವಲ್ಪ ಹೊತ್ತಿನ ಮೇಲೆ ಬಾಗಿಲು ತಟ್ಟಿ, ಕೆಮ್ಮಿ, ಒಳಗಿರುವವರಿಗೆ ಏಳಲು ಅವಕಾಶ ಕೊಟ್ಟು ಆಮೇಲೆ ತೆರೆಯಬೇಕು. ಮುಲುಂಡಿನ ಫ್ಲ್ಯಾಟಿನಲ್ಲಿ ಹೊರಗೆ ಎಂದರೆ ಲಿಫ್ಟಿನ ಎದುರು. ರೇಷ್ಮೆ ಸೀರೆ ಉಟ್ಟ ಅಮ್ಮನೂ ನಾನೂ ಅಲ್ಲಿ ನಿಂತಿದ್ದರೆ ಎದುರುಮನೆಯ ಮರಾಠಿ ಹೆಂಗಸು ಇಣುಕಿ, "ಚಾವಿ ಒಳಗೇ ಮರೆತಿರಾ?" ಎಂದು ಪ್ರತಿ ವರ್ಷ ಕೇಳುತ್ತಿದ್ದಳು.

ಒಳಗೆ ಹೋದ ಮೇಲೆ ಅಮ್ಮ ಬಗ್ಗಿ ಅನ್ನದ ಗುಡ್ಡೆಯನ್ನು ಪರೀಕ್ಷಿಸುವುದಿತ್ತು. ಬೆರಳು ಹಾಕಿದ ಗುರುತು ಕಂಡರೆ ಅವರು ಬಂದು ಉಂಡರೆಂದು ಲೆಕ್ಕ. ಅಜ್ಜ ಅಜ್ಜಿಯರಿಗೆ ಬಡಿಸಿದಾಗಲೆಲ್ಲ ಅವಳಿಗೆ ಗುರುತು ಕಾಣುತ್ತಿತ್ತು. ಬಿಸಿ ಅನ್ನ ಆರುವಾಗ ಕುಸಿಯುತ್ತದೆ ಎಂದು ನಾನು ವಾದಿಸುತ್ತಿದ್ದೆ. ಅಪ್ಪನಿಗೆ ಬಡಿಸಿದ ಆ ಮೊದಲ ವರ್ಷ ಅನ್ನ ಕುಸಿಯಲೂ ಇಲ್ಲ, ಇಟ್ಟ ಹಾಗೇ ಇತ್ತು. ಅಮ್ಮ ಎಲೆಯ ಮುಂದೆ ಕುಳಿತು, "ಬರ್ಲೇ ಇಲ್ಲ. ಸಿಟ್ಟು ಉಂಟು ಅವರಿಗೆ ನನ್ನ ಮೇಲೆ" ಎಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅಂದಿನಿಂದ ಅವಳು ಸರಿಯಾಗಿ ಊಟ ಮಾಡುವುದನ್ನೇ ಬಿಟ್ಟಳು. ತಟ್ಟೆಯ ಮುಂದೆ ಕೂರುವಳು, ಒಂದೆರಡು ಅಗುಳು ಕೆದಕಿ ಏಳುವಳು. ತಿಂಗಳೊಪ್ಪತ್ತಿನಲ್ಲಿ ಅರ್ಧಕ್ಕರ್ಧ ಇಳಿದುಹೋದಳು.

ಇದಾಗಿ ಕೆಲವೇ ದಿನಗಳಲ್ಲಿ ನಮಗೊಂದು ಪ್ರಾಜೆಕ್ಟ್ ಕೊಟ್ಟರು. ಇಬ್ಬಿಬ್ಬರು ಸೇರಿ ತಮ್ಮ ಮನೆಯ ಊಟವನ್ನು ಜಾಹೀರಾತಿನಲ್ಲಿ ಬರುವ ಹಾಗೆ ಫೋಟೋ ತೆಗೆಯಬೇಕು. ನನ್ನ ಜೊತೆಗಾತಿ ಜೋಗೇಶ್ವರಿಯ ದೀಕ್ಷಾ. ಅವಳೂ ನಮ್ಮ ಕಡೆಯವಳೇ, ಆದರೆ ಕನ್ನಡ ತುಳು ಎರಡೂ ಅರ್ಧಂಬರ್ಧ. ನಾನು ಅಪ್ಪನ ಊಟವನ್ನೇ ಆರಿಸಿದೆ. ಅವರ ನೆನಪಿಗೆ ಒಂದು ಒಳ್ಳೆಯ ಚಿತ್ರ ಆಗಲಿ ಎಂಬ ಆಸೆ.

ಜಾಹೀರಾತಿನ ಊಟ ಹೇಗೆ ಮಾಡುತ್ತಾರೆಂದು ಅಲ್ಲಿಯವರೆಗೆ ನನಗೆ ಗೊತ್ತಿರಲಿಲ್ಲ. ಗೊತ್ತಾದ ದಿನ ಮಧ್ಯಾಹ್ನದ ಊಟ ಸೇರಲಿಲ್ಲ. ನಿಜವಾದ ಅನ್ನ ದೀಪದ ಕಾವಿಗೆ ಒಣಗಿ ಸತ್ತಂತೆ ಕಾಣುತ್ತದಂತೆ. ಅದಕ್ಕೆ ಥರ್ಮೋಕೋಲನ್ನು ಗುಡ್ಡೆಯ ಆಕಾರಕ್ಕೆ ಕೊರೆದು, ಮೇಲೆ ಫೆವಿಕಾಲ್ ಬಳಿದು, ಅರೆಬೆಂದ ಕುಚ್ಚಲಕ್ಕಿಯ ಅಗುಳುಗಳನ್ನು ಒಂದೊಂದಾಗಿ ಚಿಮುಟದಿಂದ ಅಂಟಿಸಿದೆವು. ಪುಳಿಮುಂಚಿಗೆ ಪೋಸ್ಟರ್ ಬಣ್ಣ, ಹೊಳಪಿಗೆ ಗಾಡಿಗೆ ಹಾಕುವ ಎಂಜಿನ್ ಆಯಿಲ್. ಬಂಗುಡೆ ಮಾತ್ರ ನಿಜವಾದದ್ದು, ಆದರೆ ಹಸಿ. ಹೊಟ್ಟೆ ಸೀಳಿದರೆ ಆಕಾರ ಕೆಡುತ್ತದೆಂದು ಕರುಳನ್ನು ಒಳಗೇ ಬಿಟ್ಟು, ಹೊರಗೆ ಕಂದುಬಣ್ಣ ಬಳಿದು ವಾರ್ನಿಶ್ ಹೊಡೆದದ್ದಾಯಿತು. ಎರಡು ದಿನದ ಮೀನು, ಮೇಲೆ ದೀಪದ ಬಿಸಿ. ಅದರ ಕಣ್ಣಿನಿಂದ ಏನೋ ಹಳದಿ ನೀರು ಇಳಿಯುತ್ತಿತ್ತು. ದೀಕ್ಷಾ ಅದನ್ನು ಹತ್ತಿಯಿಂದ ಒರೆಸಿ ಒರೆಸಿ, "ಛೀ, ಐ ವಿಲ್ ನೆವರ್ ಈಟ್ ಫಿಶ್ ಅಗೇನ್ ಯಾರ್" ಎನ್ನುತ್ತಿದ್ದಳು. ಈಗಷ್ಟೇ ಸುರಿದಂತೆ ಕಾಣಲು ಲೋಟದ ನೀರಿಗೂ ಸೋಪಿನ ನೊರೆ. ಹಬೆ ಏಳಲೆಂದು ಕಾಯಿಸಿದ ಒದ್ದೆ ಹತ್ತಿಯನ್ನು ಗುಡ್ಡೆಯ ಹಿಂದೆ ಅಡಗಿಸಿಟ್ಟೆವು. ಅನ್ನದ ಋಣದಲ್ಲಿ ಬದುಕಿದವರ ಮಗಳು ನಾನು. ಬೆರಳಿಗಂಟಿದ ಫೆವಿಕಾಲಿನಲ್ಲಿ ಅಗುಳುಗಳನ್ನು ನೋಡಿ ನನ್ನ ಕೈಯ ಮೇಲೇ ನನಗೆ ಅಸಹ್ಯವಾಯಿತು.

ಎಲ್ಲ ಜೋಡಿಸಿದ ಮೇಲೆ ನಮ್ಮ ಸರ್ ಬಂದರು. ಮೇಲಿನಿಂದ ಕೆಳಗೆ ನೋಡುವಂತೆ ಕಟ್ಟಿದ್ದ ಕ್ಯಾಮೆರಾದಲ್ಲಿ ಇಣುಕಿ, ನೋಟ ಎಡದಿಂದ ಬಲಕ್ಕೆ ಹರಿಯಬೇಕು, ಈ ಎಲೆ ಉಲ್ಟಾ ಇದೆ ಎಂದು ಇಡೀ ಎಲೆಯನ್ನು ತಿರುಗಿಸಿ ತುದಿಯನ್ನು ಬಲಕ್ಕೆ ಮಾಡಿಬಿಟ್ಟರು. ಉಣ್ಣುವವರಿಗೆ ಹಾಗೆ ಹಾಕುವುದಿಲ್ಲ ಸರ್ ಎಂದೆ. ಅವರು ನಕ್ಕು, "ಅರೇ, ಖಾನೇವಾಲಾ ಕೌನ್ ಹೈ ಇಧರ್?" ಅಂದರು. ತಿನ್ನುವವರು ಯಾರಿದ್ದಾರೆ ಇಲ್ಲಿ ಎಂದು. ದೀಕ್ಷಾಳೂ ನಕ್ಕಳು.

ಆ ಮಿಲ್ಲಿನ ನೆಲ ಮರದ ಹಲಗೆಯದು. ಯಾರಾದರೂ ನಡೆದರೆ ಕ್ಯಾಮೆರಾ ಅದುರಿ ಚಿತ್ರ ಅಲುಗುತ್ತದೆ. ಬಾಗಿಲು ತೆರೆದರೆ ಗಾಳಿಗೆ ಹಬೆ ಚೆದರುತ್ತದೆ. ಅದಕ್ಕೇ ಕೆಲವು ಸೆಕೆಂಡಿಗೊಂದು ಚಿತ್ರ ತಾನೇ ತೆಗೆಯುವಂತೆ ಕ್ಯಾಮೆರಾವನ್ನು ಹೊಂದಿಸಿ, ಎಲ್ಲರೂ ಹೊರಗೆ ಹೋಗಿ ಬಾಗಿಲು ಹಾಕಿಕೊಳ್ಳುವುದು ಅಲ್ಲಿಯ ರೂಢಿ. ಹಾಗೆಯೇ ಮಾಡಿದೆವು. ಬೇರೆ ಕ್ಲಾಸಿನವರು ನುಗ್ಗದಿರಲೆಂದು ಬೀಗವನ್ನೂ ಹಾಕಿದೆ. ಚಾವಿ ನನ್ನ ಕೈಯಲ್ಲೇ ಇತ್ತು. ಮೂವರೂ ಬಾಗಿಲಿನ ಎದುರೇ ನಿಂತು, ಕೆಳಗಿನಿಂದ ತರಿಸಿದ ವಡಾಪಾವ್ ತಿಂದೆವು. ನನಗೆ ಅರ್ಧಕ್ಕಿಂತ ಹೆಚ್ಚು ಹೋಗಲಿಲ್ಲ. ತಿರುಗಿಸಿದ ಎಲೆ, ಅಪ್ಪನ ಇಷ್ಟದ ಊಟ, ಒಂದು ಲೋಟ ನೀರು, ಮುಚ್ಚಿದ ಬಾಗಿಲು, ಹೊರಗೆ ಕಾಯುವವರು. ಆಗ ಇದೊಂದೂ ತಲೆಗೆ ಹೊಳೆಯಲಿಲ್ಲ ಎಂದರೆ ನೀವು ನಂಬಬೇಕು.

ಹಬೆ ಆರಿರಬಹುದು ಎನ್ನಿಸಿದಾಗ ನಾನು ಬೀಗ ತೆಗೆದೆ, ಸರ್ ಮಾತಾಡುತ್ತಲೇ ಕಾಲಿನಿಂದ ಬಾಗಿಲು ತಳ್ಳಿದರು. ತಟ್ಟಲಿಲ್ಲ, ಕೆಮ್ಮಲಿಲ್ಲ.

ಅನ್ನದ ಗುಡ್ಡೆ ಅಗೆದುಹೋಗಿತ್ತು. ಆಚೆ ಬದಿಯಿಂದ. ನಾಲ್ಕು ಬೆರಳು ಥರ್ಮೋಕೋಲಿನೊಳಕ್ಕೆ ಇಳಿದು ಒಂದು ತುತ್ತಿನಷ್ಟನ್ನು ಕಿತ್ತು ಈಚೆಗೆ ಎಳೆದ ಗುರುತು. ಆ ದಾರಿಯುದ್ದಕ್ಕೂ ಬಿಳಿ ಕಾಳುಗಳು ಚೆಲ್ಲಿದ್ದವು, ಎಂಜಿನ್ ಆಯಿಲಿನ ಕೆಂಪು ಸಾರು ಅದರೊಳಗೆ ಕಲಸಿಹೋಗಿತ್ತು. ಎಲೆಯ ಅಂಚಿನಲ್ಲಿ, ಕರಿಬೇವು ಮೆಣಸಿನಕಾಯಿ ತೆಗೆದಿಡುವ ಜಾಗದಲ್ಲಿ, ಒಂದು ಉಂಡೆ. ಅಗಿದು ಉಗುಳಿದ ಉಂಡೆ. ಫೆವಿಕಾಲು, ಥರ್ಮೋಕೋಲು, ಅರೆಬೆಂದ ಅಗುಳು, ಸುತ್ತಲೂ ಎಂಜಲು. ಅದು ಇನ್ನೂ ಒದ್ದೆಯಾಗಿತ್ತು.

ದೀಕ್ಷಾ ಬಾಯಿಗೆ ಕೈ ಅಡ್ಡ ಹಿಡಿದು ಬಾತ್‌ರೂಮಿಗೆ ಓಡಿದಳು. ಸರ್ "ಚೂಹಾ" ಅಂದರು. ಹಳೆಯ ಮಿಲ್ಲು, ಇಲಿಗಳಿಗೆ ಬರವಿಲ್ಲ. ಇಲಿಯೇ ಎಂದು ನಾನೂ ನಂಬಲು ನೋಡಿದೆ. ಆದರೆ ನಾರುವ ಬಂಗುಡೆಯನ್ನು ಮೂಸದೆ ಥರ್ಮೋಕೋಲು ತಿನ್ನುವ ಇಲಿ ಯಾವುದು? ಕ್ಯಾಮೆರಾ ನೋಡಿದೆವು. ಒಂದು ಚಿತ್ರದಲ್ಲಿ ಗುಡ್ಡೆ ಇಡಿಯಾಗಿದೆ. ಅದರ ಮುಂದಿನದು ಅಲುಗಿದೆ, ಯಾರೋ ಹಲಗೆಯ ಮೇಲೆ ನಡೆದರೆ ಅಲುಗುತ್ತದಲ್ಲ, ಹಾಗೆ. ಅದರ ಮುಂದಿನದರಲ್ಲಿ ಗುಡ್ಡೆ ಅಗೆದಿದೆ. ಇನ್ನೂ ಕೆಲವು ಚಿತ್ರಗಳಾದ ಮೇಲೆ ಅಂಚಿನಲ್ಲಿ ಉಂಡೆ. ಒಂದರಲ್ಲೂ ಕೈ ಇಲ್ಲ, ನೆರಳಿಲ್ಲ, ಇಲಿಯೂ ಇಲ್ಲ.

ಗಲ್ಲಿಯ ಆಚೆ ಆಸ್ಪತ್ರೆ ಇತ್ತು ಎಂದೆನಲ್ಲ. ಮುಲುಂಡಿನಲ್ಲಿ ಅಮ್ಮ ಮಡಿಯಲ್ಲಿ ಅಟ್ಟು ಬಡಿಸಿದ ಅನ್ನ ಬಿಟ್ಟು, ಹತ್ತಿರದಲ್ಲಿ ಯಾರೋ ತನಗೆಂದೇ ಬಡಿಸಿದ್ದಾರೆ ಎಂದುಕೊಂಡು ಅಪ್ಪ ಆ ಆಸ್ಪತ್ರೆಯಿಂದ ಇಲ್ಲಿಗೆ ಎದ್ದು ಬಂದಿದ್ದರೆ? ಬಂದು ಬಾಯಿಗಿಟ್ಟುಕೊಂಡದ್ದು ಏನನ್ನು? ನನಗೆ ಸರ್ ಮೇಲೆ, ಆ ದೀಪಗಳ ಮೇಲೆ, ಕಲಿಯುತ್ತಿದ್ದ ವಿದ್ಯೆಯ ಮೇಲೆ ವಾಕರಿಕೆ ಬಂತು. ಇನ್ನೊಬ್ಬರು ಮುಟ್ಟಬಾರದೆಂದು ಆ ಉಂಡೆಯನ್ನು ನಾನೇ ಪೇಪರಿನಲ್ಲಿ ಸುತ್ತಿ ತೆಗೆದೆ. ಪೇಪರಿನ ಮೇಲಿನಿಂದಲೂ ಅದು ಬೆಚ್ಚಗೆ ತಾಗುತ್ತಿತ್ತು. ದೀಪದ ಕಾವಿಗೆ ಇರಬಹುದು.

ಸರ್‌ಗೆ ಮಾತ್ರ ಅಗೆದ ಗುಡ್ಡೆಯ ಚಿತ್ರವೇ ಹಿಡಿಸಿತು. ಯಾರೋ ಈಗಷ್ಟೇ ಉಣ್ಣಲು ಕೂತ ಹಾಗಿದೆ, ಜೀವ ಇದೆ ಎಂದು ಹಿಗ್ಗಿ, ಉಂಡೆ ಬೀಳುವ ಮೊದಲಿನದನ್ನು ಆರಿಸಿ, ವರ್ಷದ ಕೊನೆಯ ಪ್ರದರ್ಶನಕ್ಕೆ ಗೋಡೆಯಷ್ಟು ದೊಡ್ಡದು ಮಾಡಿಸಿದರು. ನಾನು ಬೇಡವೆಂದದ್ದು ಅವರ ಕಿವಿಗೆ ಬೀಳಲಿಲ್ಲ.

ಪ್ರದರ್ಶನಕ್ಕೆ ಅಮ್ಮ ಬಂದಳು. ನಾನು ಮನೆಯಲ್ಲಿ ಒಂದಕ್ಷರ ಹೇಳಿರಲಿಲ್ಲ. ಮುಲುಂಡಿನಿಂದ ಲೋಕಲ್‌ನಲ್ಲಿ ನಿಂತೇ ಬಂದು ಸುಸ್ತಾಗಿದ್ದವಳು ಆ ಚಿತ್ರದ ಮುಂದೆ ಬಂದು ನಿಂತುಬಿಟ್ಟಳು. ಮೊದಲು ಎಲೆಯ ತುದಿ ನೋಡಿದಳು. ಆಮೇಲೆ ಗುಡ್ಡೆಯ ಆಚೆ ಬದಿಯನ್ನು ಬೆರಳಿನಿಂದ ಮುಟ್ಟಿದಳು.

"ನೀನು ಬಡಿಸಿದ್ದಾ?"

"ಹೂಂ."

"ಬಂದಿದ್ದಾರಲ್ಲ ಮಾರಾಯ್ತಿ! ನೋಡು, ಆಚೆಯಿಂದಲೇ ಕೈ ಹಾಕಿದ್ದಾರೆ, ಕಳ್ಳ." ಅವಳು ಅಳುತ್ತಾ ನಗುತ್ತಿದ್ದಳು. ಆಮೇಲೆ ಕಣ್ಣೊರೆಸಿಕೊಂಡು ನನ್ನ ಕಿವಿಯ ಹತ್ತಿರ ಬಂದು ಕೇಳಿದಳು, "ಅನ್ನ ಮೆತ್ತಗೆ ಬೇಯಿಸಿದ್ದೆಯಾ? ಗಂಟಲಿಗೆ ಚುಚ್ಚದ ಹಾಗೆ?"

"ಮೆತ್ತಗಿತ್ತಮ್ಮ" ಎಂದೆ.

ಆ ರಾತ್ರಿ ಅಮ್ಮ ಎಷ್ಟೋ ತಿಂಗಳ ಮೇಲೆ ಹೊಟ್ಟೆ ತುಂಬಾ ಉಂಡಳು. ನಾನು ಅವಳೆದುರು ಕುಳಿತು ತಟ್ಟೆಯ ಅನ್ನವನ್ನು ಕೆದಕುತ್ತಿದ್ದೆ.

ಇದಾಗಿ ವರ್ಷಗಳೇ ಆದವು. ಊಟದ ಚಿತ್ರ ಮತ್ತೆಂದೂ ತೆಗೆಯಲಿಲ್ಲ. ಕಟ್ಟಡಗಳ ಫೋಟೋ ತೆಗೆದು ಹೊಟ್ಟೆ ಹೊರೆಯುತ್ತೇನೆ. ಪ್ರತಿ ಆಟಿಯಲ್ಲೂ ಅಪ್ಪನಿಗೆ ಈಗ ನಾನೇ ಅಡಿಗೆ ಮಾಡುತ್ತೇನೆ, ಕುಚ್ಚಲಕ್ಕಿಯನ್ನು ಗಂಜಿಯಷ್ಟು ಮೆತ್ತಗೆ ಬೇಯಿಸುತ್ತೇನೆ, ಲಿಫ್ಟಿನ ಎದುರು ನಿಲ್ಲುತ್ತೇನೆ, ತಟ್ಟಿ ಕೆಮ್ಮಿ ಬಾಗಿಲು ತೆರೆಯುತ್ತೇನೆ. ಗುಡ್ಡೆ ಒಮ್ಮೆಯೂ ಅಲುಗಿಲ್ಲ. ಅಮ್ಮನಿಗೆ ಅದರ ಚಿಂತೆಯೇ ಇಲ್ಲ. "ಆವತ್ತು ನಿನ್ನ ಕೈಯಲ್ಲಿ ಉಂಡರಲ್ಲ, ಆಸೆ ತೀರಿತು ಅವರದ್ದು" ಎನ್ನುತ್ತಾಳೆ.

ಆಸೆ ತೀರಿತೋ ಏನೋ. ರುಚಿ ನೋಡಿ ಉಗುಳುತ್ತೇನೆ ಎಂದು ಆಸ್ಪತ್ರೆಯಲ್ಲಿ ಮಾತು ಕೊಟ್ಟಿದ್ದರು, ಆ ಮಾತಿನಂತೆ ಉಗುಳಿದರೋ? ಅಥವಾ ತಡೆಯಲಾರದ ಹಸಿವಿನಲ್ಲಿ ಓಡಿ ಬಂದು, ಬಾಯಿಗಿಟ್ಟು, ಮಗಳು ಮಾಡಿದ್ದಕ್ಕೆ ಹೇಸಿ ಉಗುಳಿದರೋ? ಬೆಚ್ಚಗಿದ್ದ ಆ ಉಂಡೆಯನ್ನು ಎಷ್ಟು ಸಲ ನೆನೆದರೂ ನನಗೆ ತಿಳಿಯುತ್ತಿಲ್ಲ.